ಅಲ್ ಐನಿನಲ್ಲೊಂದು ಹಿಮದ ಟಯರು

ಅವರ ಬಲಗೈಯ ಹೆಬ್ಬೆರಳು ಮಿಕ್ಕ ಬೆರಳುಗಳ ಜಾತಿಗೆ ಸೇರಿದ್ದಲ್ಲ ಎನ್ನುವಷ್ಟು ಅಗಲವಾಗಿತ್ತು. ತುದಿ ಚಪ್ಪಟೆ, ಉಗುರು ಅರ್ಧಕ್ಕೇ ಮುಗಿದದ್ದು, ಗೆರೆಗಳ ನಡುವೆ ಯಾವ ಸೋಪಿಗೂ ಜಗ್ಗದ ಕಪ್ಪು. ಟಯರಿನ ಸವೆತ ಅಳೆಯುವ ಕಡ್ಡಿ ಮೇಜಿನ ಮೇಲೇ ಬಿದ್ದಿರುತ್ತಿತ್ತು. ಅವರು ಅದನ್ನು ಮುಟ್ಟಿದ್ದು ನಾನು ನೋಡಿಲ್ಲ. ಹೆಬ್ಬೆರಳನ್ನು ಟಯರಿನ ಗೀರುಗಳಲ್ಲಿ ಒತ್ತಿ, ಸುತ್ತಲೂ ಒಮ್ಮೆ ಎಳೆದು, ಕಣ್ಣು ಅರ್ಧ ಮುಚ್ಚಿ, "ಇನ್ನೊಂದು ಬೇಸಿಗೆಗೆ ತೊಂದರೆ ಇಲ್ಲ" ಎಂದೋ "ಇದು ಆಗ್ಲಿಕ್ಕಿಲ್ಲ" ಎಂದೋ ತೀರ್ಪು ಕೊಟ್ಟುಬಿಡುತ್ತಿದ್ದರು. ಕಡ್ಡಿ ಹಿಡಿದು ಅಳೆದರೂ ಅದೇ ಉತ್ತರ ಬರುತ್ತಿತ್ತು.

ಅವರಿಗೆ ಒಂದು ಹೆಸರಿತ್ತು, ಆದರೆ ಅಲ್ ಐನಿನ ನಾವು ಕನ್ನಡದವರು ಯಾರೂ ಅದನ್ನು ಬಳಸಲಿಲ್ಲ. ನಮಗೆಲ್ಲ ಅವರು ಟಯರಣ್ಣ. ಊರು ಪುತ್ತೂರಿನ ಕಡೆ. ಸನಾಯದಲ್ಲಿ, ಅಂದರೆ ಗ್ಯಾರೇಜುಗಳೇ ತುಂಬಿದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಇಪ್ಪತ್ತು ವರ್ಷಗಳಿಂದ ಟಯರಂಗಡಿ ನೋಡಿಕೊಳ್ಳುತ್ತಿದ್ದರು. ಹೆಂಡತಿ ಊರಲ್ಲಿ, ಮಗಳಿಗೆ ಮದುವೆಯಾಗಿತ್ತು. ಜುಲೈ ತಿಂಗಳ ಕಾದ ಕಬ್ಬಿಣದಂಥ ಬಿಸಿಲಲ್ಲೂ ಬಂದವರಿಗೆ ಮೊದಲು ಕುರ್ಚಿ, ಆಮೇಲೆ ತಣ್ಣಗಿನ ಮಜ್ಜಿಗೆ, ಆಮೇಲೆ ಟಯರಿನ ಮಾತು. ಬೇಡದ ಟಯರನ್ನು ಮಾರಿದವರಲ್ಲ. ಹೊಸದು ಹಾಕಿಸಲೇಬೇಕೆಂದು ನಮ್ಮವರು, ಅಂದರೆ ನನ್ನ ಗಂಡ, ಹಟ ಹಿಡಿದಾಗ "ನಿಮಗೆ ಎಂತಕ್ಕೆ ಅವಸರ, ಮುಂದಿನ ರಂಜಾನಿಗೆ ಬನ್ನಿ" ಎಂದು ವಾಪಸು ಕಳಿಸಿದ್ದರು.

ನಾನು ಇಲ್ಲಿನ ಶಾಲೆಯಲ್ಲಿ ಭೌತಶಾಸ್ತ್ರದ ಟೀಚರ್. ವರ್ಷಕ್ಕೆ ಆರು ಸಲ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವವಳು. ಟಯರು ನೆಲವನ್ನು ಹೇಗೆ ಹಿಡಿಯುತ್ತದೆ ಎನ್ನುವುದು ನನಗೆ ಬಾಯಿಪಾಠ. ಆದರೆ ಟಯರಿನ ಮೈಮೇಲೆ ಓದಲು ಏನಾದರೂ ಇರುತ್ತದೆ ಎಂದು ಕಲಿಸಿದವರು ಇವರು. ಮೊದಲ ಸಲ ಹೋದಾಗ ನನ್ನನ್ನು ಬಗ್ಗಿಸಿ, ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿ ತೋರಿಸಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. ಟಯರು ಹುಟ್ಟಿದ ದಿನ ಅದು. "ಟಯರ್ ಬಾಯಿ ಬಿಟ್ಟು ಹೇಳುದಿಲ್ಲ ಟೀಚರ್, ಮೈಮೇಲೆ ಬರ್ಕೊಂಡಿರ್ತದೆ. ಬಗ್ಗಿ ಓದ್ಬೇಕು ಅಷ್ಟೆ," ಎಂದರು.

ಈ ದೇಶದಲ್ಲಿ ಆ ತಾರೀಖೇ ದೇವರು. ಬಿಸಿಲಿಗೆ ರಬ್ಬರು ಒಳಗೊಳಗೇ ಒಣಗಿ ಹೆದ್ದಾರಿಯಲ್ಲಿ ಸಿಡಿಯುತ್ತದೆ. ವರ್ಷ ವರ್ಷ ಗಾಡಿಯ ಮುಲ್ಕಿಯಾ, ಅಂದರೆ ನೋಂದಣಿ ಪತ್ರ, ನವೀಕರಿಸುವಾಗ ಹಳೆಯ ಟಯರಿದ್ದರೆ ಪಾಸೇ ಮಾಡುವುದಿಲ್ಲ. ಹಾಗಾಗಿ ನಾವೆಲ್ಲ ತಾರೀಖಿನ ಪಂಡಿತರಾಗಿಬಿಟ್ಟೆವು. ಮದುವೆ ಪಾರ್ಟಿಗೆ ಹೋದರೂ ಪಾರ್ಕಿಂಗಿನಲ್ಲಿ ರೇಷ್ಮೆ ಸೀರೆ ಉಟ್ಟ ನಾವು ಹೆಂಗಸರು ಬಗ್ಗಿ ಪಕ್ಕದ ಕಾರಿನ ಟಯರು ಓದುತ್ತಿದ್ದೆವು. ನಮ್ಮ ಮಗಳು "ಅಮ್ಮಾ, ಸೋ ಎಂಬರಾಸಿಂಗ್" ಎಂದು ದೂರ ಓಡುತ್ತಿದ್ದಳು. ತಾರೀಖು ಹೊಸದಾದರೆ ಟಯರು ಒಳ್ಳೆಯದು, ಮುಗಿಯಿತು. ಅದರಾಚೆಗೆ ಯೋಚಿಸುವ ಅಗತ್ಯ ನಮಗೆ ಬಂದೇ ಇರಲಿಲ್ಲ.

ಕಳೆದ ಡಿಸೆಂಬರಿನ ರಜೆಯಲ್ಲಿ ನಾವು ಜಾರ್ಜಿಯಾಕ್ಕೆ ಹೊರಟೆವು. ಇಲ್ಲಿನ ರೆಸಿಡೆನ್ಸಿ ಇದ್ದರೆ ವೀಸಾದ ತಾಪತ್ರಯವಿಲ್ಲ, ವಿಮಾನದಲ್ಲಿ ಮೂರೂವರೆ ಗಂಟೆ. ನಮ್ಮ ವಾಟ್ಸಾಪ್ ಗುಂಪಿನ ಅರ್ಧ ಜನ ಆಗಲೇ ಹಿಮದಲ್ಲಿ ಬಿದ್ದು ಎದ್ದು ಫೋಟೋ ಹಾಕಿ ನಮ್ಮ ಹೊಟ್ಟೆ ಉರಿಸಿದ್ದರು. ಅಲ್ಲಿನ ರಾಜಧಾನಿ ತಿಬಿಲಿಸಿಯಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು ನಾವೇ ಬೆಟ್ಟ ಹತ್ತುವುದೆಂದು ನಮ್ಮವರ ಆಸೆ. ದುಬೈ ಏರ್‌ಪೋರ್ಟಿಗೆ ಹೊರಡುವ ಮುಂಚೆ ನಮ್ಮ ಗಾಡಿಗೆ ಗಾಳಿ ಹಾಕಿಸಲು ಹೋದಾಗ ನಾನು ಈ ಸಂಭ್ರಮವನ್ನೆಲ್ಲ ಟಯರಣ್ಣನಿಗೆ ಹೇಳಿದೆ.

ಅವರ ಮುಖ ಬಿಳುಚಿತು. ಅಲ್ಲಿ ಕೊಡುವ ಕಾರಿನಲ್ಲಿ ಯಾವ ಟಯರಿರುತ್ತದೆ ಎಂದು ಕೇಳಿದರು. ನಾನು ಜಂಬದಿಂದ, ನೀವೇ ಕಲಿಸಿದ್ದೀರಲ್ಲ, ಬಗ್ಗಿ ಡೇಟ್ ಓದಿಯೇ ಹತ್ತುತ್ತೇನೆ ಎಂದೆ.

"ಡೇಟಿನ ಸುದ್ದಿ ಎತ್ಬೇಡಿ!" ಎಂದು ಅವರು ಕೂಗಿದರು.

ಗಾಳಿ ತುಂಬಿಸುತ್ತಿದ್ದ ಮೆಕ್ಯಾನಿಕ್ ಪೈಪು ಕೈಬಿಟ್ಟ. ಕುರ್ಚಿಯಲ್ಲಿದ್ದ ಪಾಕಿಸ್ತಾನಿ ಟ್ಯಾಕ್ಸಿಯವರು ಎದ್ದು ನಿಂತರು. ಹತ್ತು ವರ್ಷಗಳಲ್ಲಿ ಈ ಮನುಷ್ಯ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ನನಗಂತೂ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಅಷ್ಟು ಜನರೆದುರು ಬೈಸಿಕೊಂಡ ಅವಮಾನಕ್ಕೆ, ಅಲ್ ಐನ್ ಬಿಟ್ಟು ಕದಲದ ನೀವು ಜನ್ಮದಲ್ಲಿ ಒಮ್ಮೆಯಾದರೂ ಹಿಮ ನೋಡಿದ್ದೀರಾ ಎಂದು ಕೇಳಿಯೇಬಿಟ್ಟೆ. ಆ ಮಾತನ್ನು ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ಅವರು ತಲೆ ತಗ್ಗಿಸಿ, ಇಲ್ಲ ಎಂದರು.

ಆಮೇಲೆ ಒಳಕೋಣೆಗೆ ಹೋಗಿ ಪ್ಲಾಸ್ಟಿಕ್ ಸುತ್ತಿದ ಒಂದು ಟಯರನ್ನು ಉರುಳಿಸಿಕೊಂಡು ಬಂದರು. ಅದು ಹಿಮದಲ್ಲಿ ಓಡಿಸುವ ವಿಂಟರ್ ಟಯರು. ಐವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ, ಯಾರೂ ಕೊಳ್ಳದ, ಯಾವ ಗಾಡಿಗೂ ಹಾಕಲಾಗದ ಟಯರು. ರಫ್ತು ಮಾಡುವವರೊಬ್ಬರಿಗೆ ದುಂಬಾಲು ಬಿದ್ದು ತರಿಸಿಕೊಂಡಿದ್ದರಂತೆ. ಇವರಿಗೆಲ್ಲೋ ತಲೆ ಕೆಟ್ಟಿದೆ ಎಂದೇ ನನಗನ್ನಿಸಿತು. ಅವರು ಮಾತ್ರ ಏನೂ ಆಗದವರಂತೆ ನನ್ನ ಕೈ ಒತ್ತಿಸಿ ಅದರ ಮೆತ್ತನೆಯ ರಬ್ಬರನ್ನು ತೋರಿಸಿದರು. ಮೈತುಂಬ ಬ್ಲೇಡಿನಿಂದ ಸೀಳಿದಂಥ ಸಣ್ಣ ಸಣ್ಣ ಗೀರು. ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು. ನಮ್ಮ ಊರಿನ ಟಯರು ಬಿಸಿಲಿಗೆಂದೇ ಬೇಯಿಸಿದ್ದು, ಚಳಿಗೆ ಸಿಕ್ಕಿದರೆ ಮರದ ಹಲಗೆಯಾಗುತ್ತದೆ, ನಿನ್ನೆ ತಯಾರಾಗಿದ್ದರೂ ಅಷ್ಟೇ ಎಂದರು. ಈ ಗುರುತು ನಾಲ್ಕೂ ಚಕ್ರದಲ್ಲಿರಬೇಕು. ಎರಡರಲ್ಲಿ ಇದ್ದರೆ ಸಾಲದು. ನಾಲ್ಕರ ಫೋಟೋ ಕಳಿಸದೆ ಗಾಡಿ ಎತ್ತುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಮುಖ ಊದಿಸಿಕೊಂಡೇ ಒಪ್ಪಿದೆ.

ತಿಬಿಲಿಸಿಯಲ್ಲಿ ಕಾರು ಕೊಡುವವನು ಬಲು ಚುರುಕು. ವಿಂಟರ್ ಟಯರೇ, ನೋ ಪ್ರಾಬ್ಲಂ ಎಂದು ಬೀಗ ಕೈಗಿಟ್ಟ. ನಾನು ಬಗ್ಗಿದೆ. ತಾರೀಖು ನಾಲ್ಕರದ್ದೂ ಹೊಚ್ಚ ಹೊಸದು. ಮುಂದಿನ ಎರಡರಲ್ಲಿ ಬೆಟ್ಟ ಇತ್ತು, ಹೂವಿತ್ತು. ಹಿಂದಿನ ಎರಡರಲ್ಲಿ ಏನೂ ಇರಲಿಲ್ಲ. ಕಾರಿನವನು ನಕ್ಕು, ಎಳೆಯುವುದು ಮುಂದಿನ ಚಕ್ರ, ಹಿಂದಿನದಕ್ಕೆ ಏಕೆ ಬೇಕು ಎಂದ. ನಮ್ಮವರಿಗೆ ಅದು ಸರಿ ಎನಿಸಿತು. ಭೌತಶಾಸ್ತ್ರದ ಟೀಚರಿಗೂ ಸರಿ ಎನಿಸಿತು, ಏನು ಹೇಳಲಿ! ಮಗಳು ಆಗಲೇ ಒಳಗೆ ಕೂತು "ಯಲ್ಲಾ, ಲೆಟ್ಸ್ ಗೋ" ಎನ್ನುತ್ತಿದ್ದಳು. ಕೊಟ್ಟ ಮಾತಿಗೆಂದು ಫೋಟೋ ಮಾತ್ರ ಕಳಿಸಿದೆ.

ಒಂದು ನಿಮಿಷ ಆಗಿರಲಿಲ್ಲ, ಫೋನು ಬಂತು. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಜನ ತುಂಬಿರುತ್ತಾರೆ. ಇವರು ಫೋನು ಕೈಯಲ್ಲಿ ಹಿಡಿದೇ ಕಾದಿದ್ದರು. ಹಿಂದಿನದು ಬದಲಾಯಿಸದೆ ಹೊರಡಬೇಡಿ ಎಂದರು. ನಾನು ಕಾರಿನವನ ವಾದವನ್ನೇ ಅವರಿಗೆ ಒಪ್ಪಿಸಿದೆ.

"ಟೀಚರ್, ನಿಮ್ಮ ಕಾಲಿಗೆ ಬೀಳ್ತೇನೆ," ಎಂದರು. "ಹಿಂದಿನದ್ದು ಎರಡೂ ತೆಗೆಸಿ. ಮತ್ತೆ ಹೋಗಿ."

ನನಗಿಂತ ಹದಿನೈದು ವರ್ಷ ದೊಡ್ಡವರು. ಮತ್ತೆ ನಮ್ಮವರ ಗೊಣಗಾಟಕ್ಕೂ ಮಗಳ ಅಳುವಿಗೂ ಕಿವಿಗೊಡದೆ, ಕಾರಿನವನ ಜೊತೆ ಜಗಳವಾಡಿ, ಎರಡು ಬೀದಿಯಾಚೆಯ ಗ್ಯಾರೇಜಿನಲ್ಲಿ ಟಯರು ಬದಲಾಯಿಸಿಕೊಂಡೆವು. ಅದಕ್ಕೇ ಮೂರು ಗಂಟೆ ಹೋಯಿತು. ದಾರಿಯುದ್ದಕ್ಕೂ ನಮ್ಮವರು ನನ್ನ ಜೊತೆ ಮಾತಾಡಲಿಲ್ಲ.

ಬೆಟ್ಟದ ತಿರುವುಗಳಲ್ಲಿ ಹಿಮ ಶುರುವಾಯಿತು. ಮೊದಲು ಅಂಚಿನಲ್ಲಿ, ಆಮೇಲೆ ರಸ್ತೆಯ ಮೇಲೇ ಒತ್ತಿ ಹಾಸಿದಂತೆ. ನಮ್ಮ ಮುಂದೆ ಅದೇ ಕಂಪನಿಯ, ಅದೇ ಬಗೆಯ ಬಿಳಿ ಕಾರೊಂದು ಹೋಗುತ್ತಿತ್ತು. ಅದರಲ್ಲಿದ್ದದ್ದು ಶಾರ್ಜಾದಿಂದ ಬಂದ ಕುಟುಂಬ. ಬೆಳಿಗ್ಗೆ ಕಾರು ತೆಗೆದುಕೊಳ್ಳುವಾಗ ಮಾತಾಡಿಸಿದ್ದೆವು. ಅವರು ಪೇಟೆ ಸುತ್ತಿ ತಡವಾಗಿ ಬೆಟ್ಟಕ್ಕೆ ಹೊರಟಿದ್ದರು. ಒಂದು ಇಳಿಜಾರಿನಲ್ಲಿ ಅವರು ಬ್ರೇಕು ಮುಟ್ಟಿದರು ಅಷ್ಟೆ. ಆ ಕಾರಿನ ಹಿಂಭಾಗ ಗಾಳಿಗೆ ಬಾಗಿಲು ತೆರೆದ ಹಾಗೆ ಹೊರಕ್ಕೆ ಬೀಸಿತು. ಕಣ್ಣು ಮಿಟುಕಿಸುವುದರೊಳಗೆ ಅದರ ಮೂತಿ ನಮ್ಮ ಕಡೆಗಿತ್ತು. ಗಾಜಿನ ಹಿಂದೆ ಆ ತಾಯಿಯ ತೆರೆದ ಬಾಯಿ ನನಗೆ ಕಂಡಿತು, ದನಿ ಕೇಳಲಿಲ್ಲ. ಕಾರು ಹಾಗೇ ಅಡ್ಡಡ್ಡ ಜಾರಿ ಕಂದಕದಂಚಿನ ಕಬ್ಬಿಣದ ತಡೆಗೆ ಬಡಿದು, ತಡೆ ಬಾಗಿ, ನಿಂತಿತು. ಹಿಂದಿನ ಒಂದು ಚಕ್ರ ಗಾಳಿಯಲ್ಲಿತ್ತು.

ನಮ್ಮವರೂ ಬ್ರೇಕು ಒತ್ತಿದ್ದರು. ನಮ್ಮ ಕಾರು ಒಂದಿಷ್ಟು ಗುರುಗುಟ್ಟಿ, ನೇರವಾಗಿ ನಿಂತಿತು.

ಅವರೆಲ್ಲರನ್ನೂ ಒಬ್ಬೊಬ್ಬರಾಗಿ ಈಚೆ ಎಳೆದುಕೊಂಡೆವು. ಯಾರಿಗೂ ಹೆಚ್ಚಿನ ಪೆಟ್ಟಾಗಿರಲಿಲ್ಲ, ದೇವರು ದೊಡ್ಡವನು. ನಾನು ಬಗ್ಗಿ, ನೆಲದ ಮೇಲಿದ್ದ ಇನ್ನೊಂದು ಹಿಂದಿನ ಚಕ್ರ ಓದಿದೆ. ತಾರೀಖು ಹೊಚ್ಚ ಹೊಸದು. ಬೆಟ್ಟ ಇಲ್ಲ, ಹೂವಿಲ್ಲ. ನಾನು ಅಲ್ಲೇ ಹಿಮದಲ್ಲಿ ಕುಸಿದು ಕೂತೆ. ನಮ್ಮವರು ಬಂದು ಹೆಗಲು ಹಿಡಿದು ಎಬ್ಬಿಸಿದರು. ಹೋಟೆಲು ಮುಟ್ಟಿದ ಮೇಲೆ ಟಯರಣ್ಣನಿಗೆ ಫೋನು ಮಾಡಿ, ಸುಖವಾಗಿ ತಲುಪಿದೆವು ಎಂದು ಹೇಳಿ, ನಡೆದದ್ದನ್ನೂ ಹೇಳಿದೆ. ಆ ಕಡೆಯಿಂದ ದೊಡ್ಡ ಗಂಡಸೊಬ್ಬರು ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಸದ್ದು ಕೇಳಿಸಿತು.

ಜನವರಿಯಲ್ಲಿ ಅಲ್ಲಿಂದ ತಂದ ಆಕ್ರೋಟಿನ ಮಿಠಾಯಿ ಹಿಡಿದುಕೊಂಡು ಅಂಗಡಿಗೆ ಹೋದೆ. ಅವತ್ತು ಅವರು ಮೆಕ್ಯಾನಿಕ್ಕುಗಳನ್ನು ಚಹಾಕ್ಕೆ ಕಳಿಸಿ, ಮೇಜಿನ ಖಾನೆಯಿಂದ ಒಂದು ಹಳೆಯ ಫೋನು ತೆಗೆದು ನನ್ನ ಮುಂದಿಟ್ಟರು. ಅವರಿಗೆ ಒಬ್ಬನೇ ತಮ್ಮ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿದ್ದವನು, ಐದು ವರ್ಷದ ಹಿಂದೆ ಹೆಂಡತಿ ಮತ್ತು ಎರಡು ವರ್ಷದ ಮಗುವಿನೊಡನೆ ಕೆನಡಾಕ್ಕೆ ಹೋದ. ಅಲ್ಲಿ ಹಳೆಯ ಕಾರೊಂದನ್ನು ತೆಗೆದುಕೊಂಡು, ಅದರ ಟಯರಿನ ಪಕ್ಕೆಯ ಫೋಟೋ ಅಣ್ಣನಿಗೆ ಕಳಿಸಿ, ಚಳಿಗಾಲಕ್ಕೆ ಇದು ಸಾಕಾ ಎಂದು ಕೇಳಿದ್ದ. ಫೋನಿನಲ್ಲಿ ಆ ಫೋಟೋ ಇತ್ತು. ಅದರ ಕೆಳಗೆ ಟಯರಣ್ಣನ ಉತ್ತರ: ಹೊಸ ಡೇಟ್, ಧೈರ್ಯದಲ್ಲಿ ಹೋಗು. ಅದರ ಕೆಳಗೆ ತಮ್ಮನದೊಂದು ಕೈಮುಗಿದ ಚಿತ್ರ. ಅಲ್ಲಿಗೆ ಮುಗಿದಿತ್ತು. ಎಂಟು ದಿನದ ಮೇಲೆ ಹಿಮದ ರಸ್ತೆಯಲ್ಲಿ ಅಪಘಾತವಾಗಿ ತಮ್ಮ ತೀರಿಕೊಂಡ ಸುದ್ದಿ ಬಂತು.

"ನಾನೇ ಪಾಸ್ ಮಾಡಿದ್ದು ಟೀಚರ್," ಎಂದರು. "ಅವ ಕೇಳಿದ್ದು ನನ್ನತ್ರ. ನಾನು ಹೋಗು ಅಂದೆ, ಅವ ಹೋದ."

ಒಳಕೋಣೆಯ ಆ ಟಯರು, ಅವತ್ತಿನ ಕೂಗು, ಕಾಲಿಗೆ ಬೀಳುತ್ತೇನೆಂದ ಮಾತು, ಎಲ್ಲ ಒಟ್ಟಿಗೆ ಎದೆಗೆ ಗುದ್ದಿದವು. ಸುದ್ದಿ ಬಂದ ಮೇಲೆ ಹಿಮದ ಟಯರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರಂತೆ. ಓದಿದಷ್ಟೂ ತಾನೇ ಕೊಂದೆ ಎನ್ನುವುದು ಖಾತ್ರಿಯಾಯಿತಂತೆ. ತಮ್ಮನ ಹೆಂಡತಿಗೆ ಆ ಮೆಸೇಜಿನ ವಿಷಯ ಗೊತ್ತಿರಲಾರದು, ಗೊತ್ತಾದರೆ ತನ್ನ ಮುಖ ನೋಡಲಿಕ್ಕಿಲ್ಲ ಎಂದರು. ಅವಳ ಜೊತೆ ಎರಡು ಮಾತಿಗಿಂತ ಹೆಚ್ಚು ಆಡುವ ಧೈರ್ಯ ತನಗಿಲ್ಲ, ಮಗುವಿಗೆ ಫೋನು ಕೊಡು ಎಂದುಬಿಡುತ್ತೇನೆ ಎಂದರು. ಯಾರಿಗೂ ಹೇಳಕೂಡದು ಎಂದು ನನ್ನಿಂದ ಆಣೆ ತೆಗೆದುಕೊಂಡರು. ನಾನು ಅವರ ಕೈ ಹಿಡಿದು, ನಿಮ್ಮಿಂದ ನಾವು ಮೂವರು ಬದುಕಿದೆವು ಎಂದು ಮತ್ತೆ ಮತ್ತೆ ಹೇಳಿದೆ. ಅವರು ಮಿಠಾಯಿಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ಚೆನ್ನಾಗುಂಟು ಎಂದರು.

ಈ ಜೂನಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಅಂಗಡಿಯ ಬೆಂಚಿನ ಮೇಲೆ ಒರಗಿದವರು ಏಳಲಿಲ್ಲ. ಐವತ್ತೇಳು ವರ್ಷ, ಹೃದಯಾಘಾತ. ಸುದ್ದಿ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಏನು ಬಂದಿದೆ ಎಂದು ಅರ್ಥವಾಗಲು ಮೂರು ಸಲ ಓದಬೇಕಾಯಿತು. ಗೆಳೆಯರೊಬ್ಬರು ಶವದೊಂದಿಗೆ ಊರಿಗೆ ಹೋದರು. ಅವರು ಹೋದ ಮೇಲೆ ಸಿಕ್ಕಿದ ಕೈಗಡಿಯಾರ, ಕನ್ನಡಕ, ಆ ಹಳೆಯ ಫೋನು ಇದ್ದ ಒಂದು ಸಣ್ಣ ಚೀಲವನ್ನು ಅಂಗಡಿಯವರು ನನ್ನ ಕೈಗೆ ಕೊಟ್ಟರು.

ಹನ್ನೆರಡನೆಯ ದಿನ ತಮ್ಮನ ಹೆಂಡತಿ ಕೆನಡಾದಿಂದ ಬಂದಳು. ಊರಲ್ಲಿ ಬೊಜ್ಜಕ್ಕೆ, ಅಂದರೆ ಹದಿಮೂರನೆಯ ದಿನದ ಕ್ರಿಯೆಗೆ ಹೋಗುವ ದಾರಿಯಲ್ಲಿ, ಮಂಗಳೂರಿನ ವಿಮಾನ ಹಿಡಿಯುವ ಮುಂಚೆ ಅಬುಧಾಬಿಯ ಖಲೀಫಾ ಸಿಟಿಯ ಸೋದರಸಂಬಂಧಿಯ ಮನೆಯಲ್ಲಿ ಕೆಲವು ಗಂಟೆ ಇದ್ದಳು. ಚೀಲ ಕೊಡಲು ನಾನು ಅಲ್ಲಿಗೆ ಹೋದೆ. ತೆಳ್ಳಗಿನ ಹೆಂಗಸು. ಪಕ್ಕದಲ್ಲಿ ಏಳು ವರ್ಷದ ಮಗಳು, ಟಯರಣ್ಣನದೇ ಹುಬ್ಬು. ತಾಯಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಅಪಘಾತವಾದ ದಿನ ಬೆಳಿಗ್ಗೆ ಮಗುವಿಗೆ ಔಷಧಿ ತರಲು ಗಂಡನನ್ನು ಹೊರಗೆ ಕಳಿಸಿದ್ದು ತಾನು. ಅದಕ್ಕೇ ಭಾವನಿಗೆ ತನ್ನ ಮೇಲೆ ಸಿಟ್ಟು, ಐದು ವರ್ಷ ತನ್ನೊಡನೆ ನೆಟ್ಟಗೆ ಒಂದು ಮಾತಾಡಲಿಲ್ಲ ಎಂದಳು.

ನನಗೆ ತಡೆಯಲಾಗಲಿಲ್ಲ. ಸತ್ತವರ ಆಣೆ ಮುರಿದೆ. ಸಿಟ್ಟಲ್ಲ ತಾಯಿ, ಹೆದರಿಕೆ ಎಂದು ಹೇಳಿ ಮೆಸೇಜಿನ ಕತೆಯನ್ನೆಲ್ಲ ಹೇಳಿಬಿಟ್ಟೆ.

ಅವಳ ಅಳು ನಿಂತಿತು. ನನ್ನನ್ನೇ ನೋಡಿದಳು.

"ಆ ಮೆಸೇಜಾ? ಅದನ್ನು ನಾವಿಬ್ಬರೂ ಓದಿ ನಗಾಡಿದ್ದು," ಎಂದಳು. "ಅಲ್ಲಿ ಆಫೀಸಿನವರೆಲ್ಲ ಸ್ನೋ ಟಯರ್ ಬೇಕೇ ಬೇಕು ಅಂದಿದ್ರು. ಮರುದಿನವೇ ಹಾಕಿಸಿದ್ವಿ ಟೀಚರ್, ನಾಲ್ಕೂ ಹೊಸತು. ನಾನು ಹತ್ರವೇ ನಿಂತಿದ್ದೆ. ಇವರ ಕಾರು ಜಾರ್ಲೇ ಇಲ್ಲ. ಎದುರಿಂದ ಬಂದ ಲಾರಿ ಜಾರಿ ಇವರ ಮೇಲೆ ಬಂತು."

ಮತ್ತೇಕೆ ಅವರಿಗೆ ಹೇಳಲಿಲ್ಲ ಎಂದು ನಾನು ಹೇಗೋ ಕೇಳಿದೆ.

"ಇವರೇ ಬೇಡ ಅಂದ್ರು. ಅಣ್ಣ ಟಯರಿನವ, ಅವನ ಮಾತು ಮೀರಿ ಬೇರೆ ಹಾಕಿಸಿದ್ದು ಗೊತ್ತಾದ್ರೆ ಬೇಜಾರು ಮಾಡ್ತಾನೆ ಅಂತ. ಮತ್ತೆ ಭಾವ ಕೇಳ್ಲೇ ಇಲ್ಲ. ಹೇಗಾಯ್ತು ಅಂತ ಒಂದು ದಿನ ಕೇಳ್ಲಿಲ್ಲ."

ಅಲ್ ಐನಿಗೆ ವಾಪಸು ಬರುವಾಗ ಎರಡು ಸಲ ಗಾಡಿಯನ್ನು ಬದಿಗೆ ನಿಲ್ಲಿಸಬೇಕಾಯಿತು. ಊರಿನವರ ಟಯರನ್ನೆಲ್ಲ ಬಗ್ಗಿ ನೋಡಿದ ಮನುಷ್ಯ, ಆ ಒಂದು ಕಾರಿನ ಬಗ್ಗೆ ಮಾತ್ರ ಬಾಯಿ ಬಿಟ್ಟು ಕೇಳಲಿಲ್ಲ. ಏನು ಕೇಳಬೇಕಾಗಿ ಬರುತ್ತದೋ ಎಂಬ ಅಂಜಿಕೆಯಲ್ಲಿ ಐದು ವರ್ಷ ಬೆಂದುಹೋದರು. ಜಾರಿದ್ದು ಲಾರಿ ಎಂದು ಅವರಿಗೆ ಅಂದೇ ತಿಳಿದಿದ್ದರೆ ಹಿಮದ ಟಯರಿನ ಗೊಡವೆಗೇ ಹೋಗುತ್ತಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ನನಗೂ ಡೇಟ್ ನೋಡಿ ಧೈರ್ಯದಲ್ಲಿ ಹೋಗಿ ಎಂದೇ ಹೇಳುತ್ತಿದ್ದರು, ನಾವೂ ಹೋಗುತ್ತಿದ್ದೆವು. ಮಾಡದ ತಪ್ಪನ್ನು ಮಾಡಿದೆನೆಂದು ನಂಬಿದ ಒಬ್ಬ ಮನುಷ್ಯನ ಸಂಕಟದಿಂದ ನನ್ನ ಮಗಳು ಇವತ್ತು ಶಾಲೆಗೆ ಹೋಗುತ್ತಿದ್ದಾಳೆ. ಇದನ್ನು ನಾನು ಯಾವ ದೇವರ ಮುಂದೆ ಹೇಗೆ ಹೇಳಿಕೊಳ್ಳಲಿ?

ಜನವರಿಯಲ್ಲಿ ಅವರು ಫೋನು ಮುಂದಿಟ್ಟು ಹೇಳಿದಾಗ, ಆ ದಿನ ಕಾರಿನಲ್ಲಿ ಇದ್ದದ್ದು ಇದೇ ಟಯರು ಎಂದು ನೋಡಿದವರು ಯಾರು ಎಂದು ನಾನು ಕೇಳಬಹುದಿತ್ತು. ಮಕ್ಕಳಿಗೆ ದಿನಬೆಳಗಾದರೆ, ಸಾಕ್ಷಿ ಎಲ್ಲಿದೆ ಕೇಳಿ, ಕೇಳದೆ ನಂಬಬೇಡಿ ಎನ್ನುವವಳು ನಾನು. ಆಮೇಲೂ ಅವರು ಐದು ತಿಂಗಳು ಬದುಕಿದ್ದರು. ಕೇಳಬಹುದಾಗಿದ್ದವಳು ನಾನೊಬ್ಬಳೇ. ನಾನೂ ಕೇಳಲಿಲ್ಲ.